ಹೊಲ ಹಿಡಿದವರ ಹೆಸರು

ಡ್ರಮ್‌ಕೀಲ, ಮೇಯೋ
ಶುಕ್ರವಾರ, ಫೆಬ್ರವರಿ ೨೧

ಮೆಲ್ಬರ್ನ್‌ನ ಬಿಸಿಲಲ್ಲಿ ಕೂತು ನನ್ನ ಮೇಲೆ ಸಿಟ್ಟು ಮಾಡಿಕೊಂಡಿರುವ ಗ್ರಾನ್ಯಾಗೆ, ಕ್ಲೀನಾಳ ಅಪ್ಪುಗೆ.

ಮೊದಲೇ ಹೇಳಿಬಿಡುತ್ತೇನೆ, ನಿನಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ನಿನ್ನೆ ಸಂಜೆ ಇತಿಹಾಸ ಸಂಘದ ವೇದಿಕೆಯಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡಿದೆ. ನಿಮ್ಮ ಮನೆತನದ ಹೆಸರು ನನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ. ಆದರೂ ಅದು ಸಭೆಯಲ್ಲಿ ಕೇಳಿಬಂತು. ಬೇರೆಯವರಿಂದ ಸುದ್ದಿ ಬರುವ ಮುಂಚೆ ನಾನೇ ತಿಳಿಸಬೇಕು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲವಲ್ಲ, ಅದಕ್ಕೇ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಕಾಗದವೂ ಹಿಂದೆಯೇ ಬರುತ್ತದೆ.

ನಮ್ಮ ಸಂಘದ ಚರಿತ್ರೆಯ ನಡಿಗೆ ನಿನಗೆ ಗೊತ್ತೇ ಇದೆ. ಮಹಾಕ್ಷಾಮದಿಂದ ಹೊರಟು ೧೮೭೯ರವರೆಗೆ ನೆಟ್ಟಗೆ ಬರುತ್ತದೆ. ಅಲ್ಲಿ ಸಭೆಯ ಎರಡನೇ ಸಾಲಿನಲ್ಲಿ ನಿಮ್ಮಮ್ಮ ಕೂತಿರುವುದು ಅದರ ಕಣ್ಣಿಗೆ ಬೀಳುತ್ತದೆ. ಕೂಡಲೇ ಒಂದೇ ನೆಗೆತಕ್ಕೆ ೧೯೧೬ರ ದಂಗೆಗೆ ಹಾರುತ್ತದೆ. ನಡುವಿನ ವರ್ಷಗಳಲ್ಲಿ ಜಮೀನ್ದಾರನು ಗಾಹನ್ ಸಂಸಾರವನ್ನು ಒಕ್ಕಲೆಬ್ಬಿಸಿದ್ದು, ಆ ಹೊಲವನ್ನು ಯಾರೂ ಹಿಡಿಯಬಾರದೆಂದು ಊರು ಕಟ್ಟುಪಾಡು ಮಾಡಿದ್ದು, ಅದನ್ನು ಮೀರಿ ನಿಮ್ಮ ಟಾರ್ಪಿ ಮನೆಯವರು ಹಿಡಿದದ್ದು, ಎಲ್ಲವೂ ಇಲ್ಲಿ ಕೂಸಿಗೂ ಗೊತ್ತು. ಗಾಲ್ವೇಯಿಂದ ಸೊಸೆಯಾಗಿ ಬಂದ ನಿಮ್ಮಮ್ಮನಿಗೆ ಮಾತ್ರ ಗೊತ್ತಿಲ್ಲ ಎಂದು ಊರು ನಂಬಿತ್ತು. ಶಾಲೆಯಲ್ಲಿ ನಿನ್ನನ್ನು ‘ಹೊಲ ಹಿಡಿದವರ ಮೊಮ್ಮಗಳು’ ಎಂದು ಆಡಿಕೊಂಡ ದಿನ “ಅಮ್ಮಂಗೆ ಹೇಳ್ಬೇಡ ಕಣೇ” ಎಂದು ನೀನು ನನ್ನ ಕೈ ಹಿಡಿದೆಯಲ್ಲ, ನೀನೂ ಅದನ್ನೇ ನಂಬಿದ್ದೆ. ಅಪ್ಪ ಹೋಗಿ ವರ್ಷವಾಗಿಲ್ಲ, ಈಗ ಊರೂ ಮುಖ ತಿರುಗಿಸಿದರೆ ಅಮ್ಮನಿಗೆ ಯಾರು, ಆ ಹೆಸರು ಹೊರಬಿದ್ದರೆ ನಮ್ಮ ಸ್ನೇಹ ಅಲ್ಲಿಗೆ ಮುಗಿಯಿತು ಎಂದು ನನ್ನ ಭಾಷಣದ ಸುದ್ದಿ ಕೇಳಿ ನೀನು ಬರೆದೆ. ನಾನು ಒಪ್ಪಿದೆ. ಆದರೆ ಭಾಷಣ ಬಿಡಲಿಲ್ಲ. ಗಾಹನ್ ಮನೆಯ ಏಳು ಮಕ್ಕಳು ರಸ್ತೆಯಲ್ಲಿ ಮಲಗಿದ್ದನ್ನು ಯಾರಾದರೂ ಒಮ್ಮೆ ಹೇಳಬೇಕಿತ್ತು.

ಹೇಳಿದೆ. ದನಿ ನಡುಗಲಿಲ್ಲ ಗ್ರಾನ್ಯಾ, ನಿಜವಾಗಿ! ಹೊಲ ಹಿಡಿದವರನ್ನು ‘ಒಂದು ಮನೆಯವರು’ ಎಂದಷ್ಟೇ ಕರೆದೆ. ಕಮ್ಮಾರ ಅವರ ಕುದುರೆಗೆ ಲಾಳ ಕಟ್ಟಲಿಲ್ಲ, ಅಂಗಡಿಯವನು ಉಪ್ಪು ಕೊಡಲಿಲ್ಲ, ಚರ್ಚಿನಲ್ಲಿ ಅವರು ಕೂತರೆ ಇಡೀ ಬೆಂಚು ಖಾಲಿಯಾಗುತ್ತಿತ್ತು ಎಂದೆ. ಯಾರೂ ಎರಡನೇ ಸಾಲಿನ ಕಡೆ ನೋಡಲಿಲ್ಲ. ಎಷ್ಟು ಕಷ್ಟಪಟ್ಟು ನೋಡಲಿಲ್ಲವೆಂದರೆ, ನೋಡಿದ್ದರೇ ವಾಸಿಯಿತ್ತು.

ಕೊನೆಗೆ ವೆಸ್ಟ್‌ಪೋರ್ಟ್‌ನಿಂದ ಬಂದಿದ್ದ ಹೊಸಬನೊಬ್ಬ ಕೈ ಎತ್ತಿದ. “ಆಮೇಲೆ ಆ ಹೊಲ ತಗೊಂಡೋರು ಯಾರು?”

ಊರವರಾಗಿದ್ದರೆ ಸತ್ತರೂ ಕೇಳುತ್ತಿರಲಿಲ್ಲ. ಅಧ್ಯಕ್ಷರಾದ ಹೆನಿಗನ್ ಮೇಷ್ಟ್ರು ಥಟ್ಟನೆ ಎದ್ದರು. “ಅದರ ದಾಖಲೆ ಅಷ್ಟು ಸ್ಪಷ್ಟ ಇಲ್ಲ. ಬನ್ನಿ ಬನ್ನಿ, ಟೀ ಆರ್ತಾ ಇದೆ.”

“ಸ್ಪಷ್ಟ ಇಲ್ದೆ ಏನು ಮೇಷ್ಟ್ರೇ,” ಎಂದರು ನಿಮ್ಮಮ್ಮ, ಎದ್ದು ನಿಂತು. “ನಮ್ಮೋರೇ. ಟಾರ್ಪಿಗಳು. ನನ್ನ ಗಂಡನ ಮುತ್ತಜ್ಜ. ಇವತ್ತಿಗೂ ನಮ್ಮ ದನ ಮೇಯೋದು ಅಲ್ಲೇ.” ಆಮೇಲೆ ಹಿಂದೆ ತಿರುಗಿ, “ಟೀ ಮಾಡಿರೋಳೂ ನಾನೇ. ಹೊಲ ಹಿಡಿದೋರ ಕೈ ಟೀ ಯಾರಿಗೆ ಬೇಡ್ವೋ ಈಗ್ಲೇ ಹೇಳ್ಬಿಡಿ. ಕಪ್ ತೊಳೆಯೋದಾದ್ರೂ ತಪ್ಪುತ್ತೆ.”

ಮೊದಲು ಬಾಯಿ ಬಿಟ್ಟವನು ಮುದುಕ ಮ್ಯಾಟಿ ರುವಾನ್, ನಿಮ್ಮಮ್ಮನ ಹೆಸರು ಕೂಗಿ.

“ಬ್ರೀಡ್! ನಿಂಗೆ ಗೊತ್ತಿತ್ತಾ? ಮೂವತ್ತು ವರ್ಷದಿಂದ ನಿನ್ನೆದುರು ನಾಲಿಗೆ ಕಚ್ಚಿಕೊಂಡು ಸಾಯ್ತಾ ಇದ್ದೀನಲ್ಲೇ!”

“ನೀವೆಲ್ಲ ಮರ್ತಿದ್ದೀರಿ, ನಾನ್ಯಾಕೆ ನೆನಪು ಮಾಡ್ಲಿ ಅಂತ ನಾನೂ ಕಚ್ಕೊಂಡಿದ್ದೆ.”

“ಹಾಗಾದ್ರೆ ಮೊದ್ಲು ನಂಗೆ ಹಾಕು. ಸಕ್ಕರೆ ಎರಡು ಚಮಚ. ನಾಲಿಗೆ ಗಾಯ ಆಗಿದೆ.”

ನಗು ಎದ್ದಿತು. ಸಾಲು ನಿಂತಿತು. ಎಲ್ಲರೂ ನಿಂತರು ಎಂದು ಬರೆದರೆ ಸುಳ್ಳಾಗುತ್ತದೆ. ನ್ಯಾನ್ಸಿ ಡರ್ಕನ್ ಗೊತ್ತಲ್ಲ, ಅವಳ ಅಜ್ಜಿ ಗಾಹನ್ ಮನೆಯ ಮಗಳು. ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ನಿಮ್ಮಮ್ಮ ಕೆಟಲ್ ಕೆಳಗಿಟ್ಟು, “ನೀನು ಹೋಗೋದು ನ್ಯಾಯವೇ ನ್ಯಾನ್ಸಿ,” ಎಂದರು. “ನೀನು ಹೇಳೋದೇನೂ ಬೇಡ,” ಎಂದು ಅವಳು ಹೋದಳು. ಬಾಗಿಲನ್ನು ಮಾತ್ರ ಮೆಲ್ಲಗೆ ಹಾಕಿಕೊಂಡಳು. ನಿಮ್ಮಮ್ಮ ಮತ್ತೆ ಕೆಟಲ್ ಎತ್ತಿಕೊಂಡರು.

ಇಷ್ಟು ನಡೆದದ್ದು. ಊರು ಮುಖ ತಿರುಗಿಸಲಿಲ್ಲ, ಒಬ್ಬಳು ತಿರುಗಿಸಿದಳು, ಅವಳಿಗೆ ಕಾರಣವಿತ್ತು. ಹೆಸರು ಹೇಳಿದವರು ಅದರ ಒಡತಿಯೇ. ನಮ್ಮ ಸ್ನೇಹ ಮುಗಿಸಲು ನಿನಗೆ ಬೇರೆ ನೆಪ ಬೇಕಾಗುತ್ತದೆ.

ಇಲ್ಲಿಂದ ಕದಲದ ನಿನ್ನ
ಕ್ಲೀನಾ

ಇನ್ನೊಂದು ಮಾತು: ಸಭೆಯಲ್ಲಿ ಬೆರಗಾಗದೆ ಉಳಿದವಳು ನಾನೊಬ್ಬಳೇ. ಒಬ್ಬರ ಮನೆಯ ಕಥೆಯನ್ನು ಅವರಿಗೆ ಹೇಳದೆ ಅವರೆದುರೇ ಓದುವುದು ನನ್ನಿಂದಾಗಲಿಲ್ಲ. ಕಳೆದ ಭಾನುವಾರವೇ ನಿಮ್ಮ ಅಡುಗೆಮನೆಗೆ ಹೋಗಿದ್ದೆ. ಭಾಷಣದ ಎರಡು ಸಾಲು ಓದುವಷ್ಟರಲ್ಲಿ ನಿಮ್ಮಮ್ಮ ತಡೆದರು. “ಜಾರ್ಲತ್ ಮದುವೆಗೆ ಮುಂಚೇನೇ ಎಲ್ಲ ಹೇಳಿದ್ದ. ಇಂಥ ಮನೆಗೆ ಬರ್ತೀಯಾ ಅಂತ ಕೇಳಿದ. ಬಂದೆ,” ಎಂದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, ದನಿ ತಗ್ಗಿಸಿ, “ಗ್ರಾನ್ಯಾಗೆ ಮಾತ್ರ ಹೇಳ್ಬೇಡ ಮಗಳೇ. ಅವಳಿಗೆ ಗೊತ್ತಿಲ್ಲ, ನೊಂದ್ಕೋತಾಳೆ,” ಎಂದು ನನ್ನ ಕೈ ಹಿಡಿದುಕೊಂಡರು. ಆಗಲಿ ಎಂದೆ. ಆ ಮಾತನ್ನು ಈಗ ಬೇಕೆಂದೇ ಮುರಿದಿದ್ದೇನೆ.