ಸರ್ವರ್ ಸರಿಮಾಡಿದವಳನ್ನು ಹೊರಗಿಟ್ಟ ಆಯ್ಕೆಪಟ್ಟಿ

ನೇಮಕಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾಲೂಕು ಕಚೇರಿಗಳ ತಾಂತ್ರಿಕ ಸಹಾಯಕರ ಹುದ್ದೆಗೆ ತಾವು ಹೊರಡಿಸಿದ ಅಂತಿಮ ಪಟ್ಟಿಯಲ್ಲಿ ಮೂರನೆಯ ಹೆಸರು ನನ್ನದು. ಅದು ಅಲ್ಲಿರಬಾರದ ಹೆಸರು. ತಾತ್ಕಾಲಿಕ ಪಟ್ಟಿಯಲ್ಲಿ ಮೊದಲನೆಯವರಾಗಿದ್ದ ಅಂಕಲಿಯ ಪ್ರಾಜಕ್ತಾ ಅವರನ್ನು ತಾವು ಅನರ್ಹಗೊಳಿಸಿದಿರಿ, ನಾಲ್ಕನೆಯವನಾಗಿದ್ದ ನಾನು ಒಂದು ಮೆಟ್ಟಿಲು ಮೇಲೇರಿದೆ. ಹುದ್ದೆಗಳಿದ್ದದ್ದು ಮೂರೇ. ತಮ್ಮ ತಪ್ಪಿನ ಲಾಭ ಪಡೆದವನು ನಾನೊಬ್ಬನೇ ಆದ್ದರಿಂದ ಈ ದೂರು ತಮಗೆ ವಿಚಿತ್ರವೆನಿಸಬಹುದು. ನನ್ನ ಮನೆಯವರಿಗೂ ಹಾಗೇ ಅನಿಸಿದೆ.

ಪ್ರಾಜಕ್ತಾ ಮಾಡಿದ ಅಪರಾಧವನ್ನು ತಮ್ಮ ಆದೇಶ ಹೀಗೆ ವರ್ಣಿಸುತ್ತದೆ: 'ಪರೀಕ್ಷಾ ಸಮಯದಲ್ಲಿ ಆಸನ ಬಿಟ್ಟು ಮುಖ್ಯ ಯಂತ್ರವನ್ನು ಅನಧಿಕೃತವಾಗಿ ನಿರ್ವಹಿಸಿರುವುದು.' ಎಂಥ ಘನವಾದ ವಾಕ್ಯ! ಆದರೆ ಆ ಕೋಣೆಯಲ್ಲಿ ಏನು ನಡೆಯಿತೆಂಬುದು ಅದರೊಳಗಿಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ನಾನು. ಆದ್ದರಿಂದ ಹೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ, ಅಂದರೆ ೨೦೧೪ರ ಕೊನೆಗೆ, ರಾಯಬಾಗದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ನಾವು ಮೂವತ್ತೆರಡು ಮಂದಿ ಪ್ರಾಯೋಗಿಕ ಪರೀಕ್ಷೆಗೆ ಕೂತಿದ್ದೆವು. ಪರೀಕ್ಷೆ ಇನ್ನೇನು ಶುರುವಾಗಬೇಕು, ಕರೆಂಟ್ ಹೋಯಿತು. ಜನರೇಟರ್ ಹಚ್ಚಿದ ಮೇಲೆ ಕಂಪ್ಯೂಟರುಗಳೆಲ್ಲ ಜೀವ ಹಿಡಿದವು, ಆದರೆ ಒಂದರಲ್ಲೂ ಪರೀಕ್ಷೆಯ ಪುಟ ತೆರೆಯಲಿಲ್ಲ. ಕಂಪ್ಯೂಟರ್ ಬಲ್ಲವರನ್ನು ಆರಿಸುವ ಪರೀಕ್ಷೆಗೆ ಕಂಪ್ಯೂಟರ್ ಬಲ್ಲ ಒಬ್ಬ ಸಿಬ್ಬಂದಿಯನ್ನೂ ತಾವು ಕಳಿಸಿರಲಿಲ್ಲ. ಮೇಲ್ವಿಚಾರಕರು ಯಾರ್ಯಾರಿಗೋ ಫೋನ್ ಮಾಡಿದರು. ಹನ್ನೆರಡೂವರೆಯೊಳಗೆ ಶುರುವಾಗದಿದ್ದರೆ ಈ ಕೇಂದ್ರದ ಪರೀಕ್ಷೆ ರದ್ದು ಎಂದು ಆ ಕಡೆಯಿಂದ ಹೇಳಿದರಂತೆ. ಬೇರೆ ಕೇಂದ್ರಗಳವರು ಬರೆದು ಮುಗಿಸುತ್ತಾರೆ, ನಾವು ಕೈಚೆಲ್ಲಿ ಊರಿಗೆ ಹೋಗಬೇಕು. ಸತ್ತಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಬಸುರಿಯೊಬ್ಬಳು ಅಲ್ಲೇ ಅಳತೊಡಗಿದಳು.

ಆಗ ಮೇಲ್ವಿಚಾರಕರು ನಮ್ಮ ಕಡೆ ತಿರುಗಿ, "ನಿಮ್ಮೊಳಗ ಯಾರಿಗರ ಇದು ತಿಳಿತೈತೇನ್ರಿ?" ಎಂದು ಕೇಳಿದರು.

ಯಾರೂ ಅಲುಗಲಿಲ್ಲ. ಪ್ರವೇಶಪತ್ರದ ಹಿಂದೆ 'ಆಸನ ಬಿಟ್ಟವರು ಅನರ್ಹರು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪ್ರಾಜಕ್ತಾ ಕೈ ಎತ್ತಿ, ತಾನು ಚಿಕ್ಕೋಡಿಯ ಶಾಲೆಯೊಂದರ ಕಂಪ್ಯೂಟರುಗಳನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ, ಆದರೆ ನಿಯಮ ಅಡ್ಡ ಬರುತ್ತದಲ್ಲ ಎಂದರು. ಮೇಲ್ವಿಚಾರಕರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ನಾ ಅದೀನಿ, ಬಾರವ್ವಾ. ಲಗೂ ನೋಡು."

ಕರೆಂಟ್ ಹೋಗಿ ಬಂದಾಗ ಆ ಮುಖ್ಯ ಯಂತ್ರ, ಅಂದರೆ ಸರ್ವರು, ತನ್ನ ಹಳೆಯ ವಿಳಾಸ ಬಿಟ್ಟು ಹೊಸದೊಂದನ್ನು ಹಿಡಿದಿತ್ತು. ನಮ್ಮ ಯಂತ್ರಗಳು ಹಳೆಯ ವಿಳಾಸಕ್ಕೇ ಹೋಗಿ ಕದ ತಟ್ಟುತ್ತಿದ್ದವು. ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿರಲು ಪ್ರಾಜಕ್ತಾ ಹಳೆಯ ವಿಳಾಸವನ್ನು ಮತ್ತೆ ಕೂರಿಸಿದರು. ಹನ್ನೆರಡು ಇಪ್ಪತ್ತಾರಕ್ಕೆ ಎಲ್ಲರ ಪರದೆಯ ಮೇಲೂ ಪುಟ ಮೂಡಿತು. ಪ್ರಾಜಕ್ತಾ ಮರಳಿ ಬಂದು ಕೂತ ಮೇಲಷ್ಟೇ ಮೇಲ್ವಿಚಾರಕರು ಪ್ರಶ್ನೆಪತ್ರಿಕೆ ತೆರೆಯುವ ಗುಪ್ತಪದ ಹಾಕಿದರು, ಪ್ರಶ್ನೆಗಳು ಬಂದದ್ದು ಆಮೇಲೆ. ಹಾಗಿದ್ದ ಮೇಲೆ ಆಕೆ ಕದ್ದದ್ದೇನು? ಇನ್ನೂ ಬಾರದ ಪ್ರಶ್ನೆಗಳನ್ನೇ?

ಫಲಿತಾಂಶ ಬಂದ ಮೇಲೆ ಯಾರೋ ತಕರಾರು ಅರ್ಜಿ ಹಾಕಿದರು. ವಿಚಾರಣೆಯಲ್ಲಿ ಮೇಲ್ವಿಚಾರಕರು ತಾವು ಯಾರನ್ನೂ ಕರೆದಿಲ್ಲ ಎಂದು ಬರೆದುಕೊಟ್ಟರು. ನಮ್ಮಲ್ಲಿ ಒಬ್ಬರನ್ನೂ ತಾವು ಕರೆದು ಕೇಳಲಿಲ್ಲ. ಸರಿ, ಕೇಳದಿದ್ದರೂ ಹೋಗಿ ಹೇಳಬಹುದಿತ್ತಲ್ಲ ಎಂದು ತಾವು ನನ್ನನ್ನು ಪ್ರಶ್ನಿಸಬಹುದು. ಹೇಳಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದಿತ್ತು. ನಿಪ್ಪಾಣಿಯ ಅಂಗಡಿಯೊಂದರಲ್ಲಿ ಆರು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನಿಗೆ ಸರಕಾರಿ ಕುರ್ಚಿ ಕಂಡಿತ್ತು. ನಮ್ಮ ತಂದೆ ಅಣ್ಣಾಸಾಬರು ಊರ ಬಸದಿಯಲ್ಲಿ ಪೂಜೆ ಮಾಡಿಸಿ ಬಂದಿದ್ದರು.

ನೇಮಕಾತಿ ಆದೇಶ ಕೈಗೆ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಕಲಿಗೆ ಹೋದೆ. ಆಪಾದನೆಯ ಸುದ್ದಿ ಕೇಳಿ ಶಾಲೆಯವರೂ ಪ್ರಾಜಕ್ತಾ ಅವರನ್ನು ಕೆಲಸದಿಂದ ಬಿಡಿಸಿದ್ದರು. ಅವರ ತಾಯಿ ಶಿವಗಂಗವ್ವ ನನ್ನನ್ನು ಕೂರಿಸಿ ಚಹಾ ಕೊಟ್ಟರು. ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಹೇಳಿದರೆ ನನ್ನ ಕೆಲಸವೂ ಹೋದೀತೆಂದು ಪ್ರಾಜಕ್ತಾ ಎಚ್ಚರಿಸಿದರು. ಆಮೇಲೆ ಕೇಳಿದರು: "ಅವತ್ತ ಸರ್ವರಿಗೆ ಏನಾಗೇತಿ ಅಂತ ನಿಮಗೂ ಗೊತ್ತಿತ್ತಲ್ರಿ?"

ಗೊತ್ತಿತ್ತು, ಮಾನ್ಯರೇ. ನನ್ನ ಪರದೆ ನೋಡಿದ ಎರಡನೆಯ ನಿಮಿಷಕ್ಕೇ ಗೊತ್ತಾಗಿತ್ತು. ನಿಯಮಕ್ಕೆ ಹೆದರಿ ಕೈ ಎತ್ತಲಿಲ್ಲ, ಅಷ್ಟೇ. ಹೌದೆಂದು ತಲೆ ಆಡಿಸಿದೆ. ಅವರು ಬೈಯಲಿಲ್ಲ. "ಅದನ್ನೂ ಬರೀರಿ," ಎಂದರು.

ಬರೆದಿದ್ದೇನೆ. ಈಗ ತಾವು ಹೇಳಿ: ನಾಳೆ ತಾಲೂಕು ಕಚೇರಿಯಲ್ಲಿ ಸರ್ವರು ಕೈಕೊಟ್ಟು, ಜಮೀನಿನ ಉತಾರಕ್ಕಾಗಿ ಬಂದ ರೈತರು ಬಾಗಿಲಲ್ಲಿ ಸಾಲುಗಟ್ಟಿ ನಿಂತಾಗ, ಕುರ್ಚಿಯಿಂದ ಏಳುವವರು ಬೇಕೋ, ಪ್ರವೇಶಪತ್ರದ ಹಿಂಬದಿ ಓದುತ್ತ ಕೂರುವವರು ಬೇಕೋ? ತಮ್ಮ ಪಟ್ಟಿ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಆ ಉತ್ತರವನ್ನು ತಿದ್ದಿರೆಂದು ಕೇಳಲು ಬಂದಿದ್ದೇನೆ.

ಕೋಣೆಯ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಅದರ ದಾಖಲೆಯನ್ನು ಅಳಿಸುವ ಮೊದಲು ನೋಡಿ. ಮೇಲ್ವಿಚಾರಕರನ್ನು ನನ್ನ ಎದುರಿಗೆ ಕೂರಿಸಿ ಕೇಳಿ. ಪ್ರಾಜಕ್ತಾ ಅವರ ಅನರ್ಹತೆಯನ್ನು ರದ್ದುಪಡಿಸಿ ಅವರನ್ನು ಮೊದಲ ಸ್ಥಾನಕ್ಕೆ ಮರಳಿಸಿ. ಇದರಿಂದ ನನ್ನ ಹೆಸರು ಪಟ್ಟಿಯಿಂದ ಹೊರಬೀಳುತ್ತದೆಂಬ ಲೆಕ್ಕ ನನಗೂ ಬರುತ್ತದೆ. ನನ್ನ ಹೇಳಿಕೆಯನ್ನು ಸೋಮವಾರ ತಮ್ಮ ಕಚೇರಿಗೆ ಒಯ್ದಿದ್ದೆ. ಆಯ್ಕೆಯಾದವರಿಂದ ದೂರು ಪಡೆಯುವ ಪದ್ಧತಿಯಿಲ್ಲವೆಂದು ಗುಮಾಸ್ತರು ಹಿಂದಿರುಗಿಸಿದರು. ಅದಕ್ಕೇ ಇದನ್ನು ಎಲ್ಲರೂ ಓದುವಂತೆ ಪತ್ರಿಕೆಗೆ ಕೊಟ್ಟಿದ್ದೇನೆ.

ಕೆಲಸಕ್ಕೆ ಹಾಜರಾಗಲು ಶುಕ್ರವಾರ ಕೊನೆಯ ದಿನ. ಅವತ್ತು ತಮ್ಮ ಕಚೇರಿಗೆ ಬರುತ್ತೇನೆ, ಸಾಕ್ಷಿ ಹೇಳಲಿಕ್ಕೆ ಮಾತ್ರ.

ಇಂತಿ,
ತಂದೆಯ ಜೊತೆ ಮಾತು ಬಿಟ್ಟು ಮೂರು ದಿನವಾದ,
ಶಾಂತಿನಾಥ ಅಣ್ಣಾಸಾಬ
ಕಾಗವಾಡ