ಎಡ ಹುಬ್ಬು

೧೯ ಜೂನ್ ೨೦೦೭, ಮಂಗಳವಾರ. ಗ್ಲೆನ್ ವೇವರ್ಲಿ.

ಆ ಫೋಟೋಗಳನ್ನು ಯಾಕಾದರೂ ತೆಗೆದರೋ! ಹುಬ್ಬು ಎತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ ಎನ್ನುತ್ತಾ ಸರ್ಜನ್ ಒಂದೊಂದಕ್ಕೂ ಕ್ಲಿಕ್ ಮಾಡಿದರು. ಆಪರೇಷನ್ ಆದ ಮೇಲೆ ಹೋಲಿಸಿ ನೋಡಲಿಕ್ಕಂತೆ.

ನಾಳೆ ಎಡಗಿವಿಯ ಮುಂದೆ ಕೊಯ್ದು, ಸವೆದುಹೋದ ದವಡೆಯ ಕೀಲು ತೆಗೆದು ಲೋಹದ್ದು ಕೂರಿಸುತ್ತಾರೆ. ಹುಬ್ಬು ಎತ್ತುವ ನರ ಅಲ್ಲೇ ಹಾದುಹೋಗುತ್ತದಂತೆ. ಅದಕ್ಕೆ ಪೆಟ್ಟಾದರೆ ಹುಬ್ಬು ಜೋತುಬೀಳಬಹುದು. ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ.

ಬಾಯಿ ಒಂದು ಬೆರಳಿನಷ್ಟೂ ತೆರೆಯದೆ ಗಂಜಿ ಹೀರಿಕೊಂಡು ಬದುಕಿದ್ದೇನೆ. ಆದರೂ ನಾಳೆ ಬೇಡ ಎನ್ನಿಸುತ್ತಿದೆ.

ನಾನು ಆಸ್ಪತ್ರೆಯಲ್ಲಿರುವಷ್ಟು ದಿನ ಮಗಳು ನವ್ಯಾ ಪದ್ಮಿನಿ ಆಂಟಿ ಮನೆಯಲ್ಲಿರುತ್ತಾಳೆ. ಸಂಜೆ ಅವಳ ಬಟ್ಟೆ ಬಿಟ್ಟುಬರಲು ಅಲ್ಲಿಗೆ ಹೋದಾಗ ಅವಳು ಮೂರನೇ ಜಾಮೂನಿಗೆ ಕೈ ಹಾಕಿದಳು. ನನ್ನ ಎಡ ಹುಬ್ಬು ತಾನಾಗಿ ಮೇಲೇರಿತು. ಅವಳ ಕೈ ಹಿಂದೆ ಸರಿಯಿತು. ಅಮ್ಮ ನನ್ನನ್ನು ಬೆಳೆಸಿದ್ದೂ ಹೀಗೆಯೇ. ಇನ್ನೊಬ್ಬರ ಮನೆಯಲ್ಲಿ ಮಕ್ಕಳನ್ನು ಬಾಯಿಬಿಟ್ಟು ಗದರುವಂತಿಲ್ಲ.

"ಎಂತದೂ ಆಗುದಿಲ್ಲ ಮಾರಾಯ್ತಿ" ಎಂದು ಇವರು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಾರೆ. ಮೂವರೂ ಮನೆಗೆ ಮರಳಿದ ಮೇಲೂ ಅದನ್ನೇ ಹೇಳಿದರು.

"ಆದ್ರೆ? ಆಮೇಲೆ ಇವಳಿಗೆ ನೀವೇ ಹುಬ್ಬು ಎತ್ಬೇಕು. ಒಮ್ಮೆ ಎತ್ತಿ, ನೋಡುವ" ಎಂದೆ.

ಪಾಪ, ಪ್ರಯತ್ನಿಸಿದರು. ಒಂದೇ ಹುಬ್ಬು ಎತ್ತಲು ಬರಲಿಲ್ಲ. ಎರಡೂ ಒಟ್ಟಿಗೆ ಹಣೆಗೇರಿದವು.

"ಡ್ಯಾಡ್, ಯು ಲುಕ್ ಸ್ಕೇರ್ಡ್!" ನವ್ಯಾ ಬಿದ್ದು ಬಿದ್ದು ನಕ್ಕಳು.

ನನಗೆ ನಗು ಬರಲಿಲ್ಲ. ಅವಳು ನಕ್ಕು ಮುಗಿಸಿ ಮಲಗಲು ಹೋದ ಮೇಲೂ ಇವರು ಹುಬ್ಬು ಇಳಿಸಿರಲಿಲ್ಲ.