ಪೇಟೆ ಶುರುವಾಗುವ ಜಾಗ

೬ ನವೆಂಬರ್ ೨೦೨೫, ಗುರುವಾರ, ಮಧುಗಿರಿ

ನನ್ನ ಎಂ.ಎ. ಪ್ರಬಂಧದ ವಿಷಯ ಕೊನೆಗೂ ಒಪ್ಪಿಗೆಯಾಯಿತು! ಎರಡು ಸಲ ಬೇಡವೆಂದಿದ್ದ ಗೈಡ್ ವಿಶಾಲಾಕ್ಷಿ ಮೇಡಂ ಇಂದು ಫೋನ್ ಮಾಡಿ, "ಇದು ನೋಡಮ್ಮ, ನಗರ ಭೂಗೋಳ ಅಂದ್ರೆ" ಎಂದರು. ಈ ಸಲವೂ ಆಗದಿದ್ದರೆ ಒಂದು ವರ್ಷವೇ ಹೋಗುತ್ತಿತ್ತು.

ಪುಣ್ಯವೆಲ್ಲ ಅತ್ತೆಯದು. ಹೋದ ವಾರ ನಕ್ಷೆ ಹರಡಿಕೊಂಡು ನಮ್ಮ ಮನೆಯನ್ನು ಪುರಸಭೆಯ ಗಡಿಯೊಳಗೆ ಗುರುತು ಮಾಡುತ್ತಿದ್ದೆ. ಅತ್ತೆ ಚೀಲ ಹಿಡಿದು, "ಪ್ಯಾಟೆಗೆ ಹೋಗಿ ಬತ್ತೀನಿ" ಎಂದರು.

"ನಾವು ಪೇಟೆಯಲ್ಲೇ ಇದ್ದೀವಲ್ಲ ಅತ್ತೆ?"

"ಇದ್ಯಾವ ಪ್ಯಾಟೆ ಕಣಮ್ಮ? ಬೆಳಿಗ್ಗೆ ಎದ್ರೆ ಎಮ್ಮೆ ಸಗಣಿ ಬಾಚ್ತೀವಿ. ಗ್ಯಾಸ್ ಗೋಡೌನ್ ದಾಟ್ಬುಟ್ರೆ ಪ್ಯಾಟೆ."

ಬೀದಿಯ ಹತ್ತು ಮನೆಗಳಲ್ಲಿ ಕೇಳಿದೆ. ಒಬ್ಬೊಬ್ಬರ ಪೇಟೆಯೂ ಒಂದೊಂದು ಕಡೆ ಶುರುವಾಗುತ್ತದೆ, ಪುರಸಭೆಯ ಗಡಿಯಲ್ಲಿ ಮಾತ್ರ ಯಾರದ್ದೂ ಇಲ್ಲ! ಅದನ್ನೇ ಬರೆದು ಕಳಿಸಿದ್ದೆ.

ಓಬಳರಾಜು ಸುದ್ದಿ ಕೇಳಿ, "ಅಂಗಾದ್ರೆ ಡಿಗ್ರೀನ ಅಮ್ಮಂಗೇ ಕೊಟ್ಬುಡ್ಲಿ" ಎಂದು ರೇಗಿಸಿದ. ಇಂಥ ಗಂಡ, ಇಂಥ ಅತ್ತೆ, ನನಗೆ ಇನ್ನೇನು ಬೇಕು!

ಮೇಡಂ ಸ್ವತಃ ಬಂದು ಅತ್ತೆಯ ಜೊತೆ ಪೇಟೆಯವರೆಗೆ ನಡೆಯಬೇಕಂತೆ. ಅತ್ತೆ ಆಗಲೇ ಯಾವ ಸೀರೆ ಉಡಲಿ ಎನ್ನುತ್ತಿದ್ದಾರೆ. ಮೇಡಂ ಬರುವುದು ಮಂಗಳವಾರ, ಬೆಂಗಳೂರಿನಿಂದ ತುಮಕೂರಿಗೆ ಬರುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ; ಅಲ್ಲಿಂದ ಮಧುಗಿರಿಗೆ ಬಸ್ಸು.